ಮೂರು ರಾಣಿ ಮತ್ತು ಅರ್ಧ ಗಂಟೆ

ಓದುಗರ ಪತ್ರ: ಪೋಕರ್ ಆಡುವಾಗ ಕೊನೆಯ ಸುತ್ತಿನಲ್ಲಿ ನಾನೂ ಒಬ್ಬ ಗೆಳೆಯರೂ ಚೆಕ್ ಅಂದೆವು, ಅಂದರೆ ಹಣ ಹಾಕದೆ ಸರದಿ ಬಿಟ್ಟೆವು. ಅದರ ಹಿಂದಿನ ಸುತ್ತಿನಲ್ಲಿ ಬೆಟ್ ಏರಿಸಿದ್ದು ನಾನು. ‘ಕೊನೆಗೆ ಏರಿಸಿದವರು ಮೊದಲು ಎಲೆ ತೋರಿಸಬೇಕು’ ಅಂತ ಅವರ ನಿಯಮದ ಹಾಳೆಯಲ್ಲಿದೆ. ‘ಡೀಲರ್ ಬಟನ್‌ನ ಎಡಗಡೆಯವರು ಮೊದಲು’ ಅಂತ ನನ್ನದರಲ್ಲಿದೆ (ಬಟನ್ ಅಂದರೆ ಹಂಚುವ ಸರದಿ ಯಾರದು ಅಂತ ತೋರಿಸುವ ಬಿಲ್ಲೆ). ಎಡಗಡೆ ಇದ್ದದ್ದು ಅವರು. ಅರ್ಧ ಗಂಟೆ ಜಗಳವಾಡಿ ಅವರು ಎಲೆ ಎಸೆದು ಎದ್ದರು. ನನ್ನ ಹತ್ತಿರ ಮೂರು ರಾಣಿ ಇತ್ತು. ಯಾವುದು ಸರಿ?

ಸಂಪಾದಕರ ಉತ್ತರ: ನಿಯಮದ ಪ್ರಕಾರ ನೀವೇ ಸರಿ. ಖುಷಿಪಡಿ, ಸ್ವಲ್ಪವೇ.

ನಿಮ್ಮ ಎರಡು ಹಾಳೆಗಳು ಒಂದೇ ನಿಯಮದ ಎರಡು ತುಂಡು. ಪೋಕರ್ ಲೇಖಕ ಬಾಬ್ ಸಿಯಾಫೋನ್ ಅವರ ನಿಯಮಪುಸ್ತಕ ‘ರಾಬರ್ಟ್ಸ್ ರೂಲ್ಸ್ ಆಫ್ ಪೋಕರ್’ನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇವೆ. ಕೊನೆಯ ಸುತ್ತಿನಲ್ಲಿ ಬೆಟ್ ಬಿದ್ದಿದ್ದರೆ ಕೊನೆಗೆ ಏರಿಸಿದವರು ಮೊದಲು. ಎಲ್ಲರೂ ಚೆಕ್ ಅಂದಿದ್ದರೆ ಆ ಸುತ್ತಿನಲ್ಲಿ ಯಾರ ಸರದಿ ಮೊದಲು ಬಂದಿತ್ತೋ ಅವರು, ಇಲ್ಲಿ ಎಡಗಡೆ ಇದ್ದ ನಿಮ್ಮ ಗೆಳೆಯರು. ಹಿಂದಿನ ಸುತ್ತಿನ ಏರಿಕೆ ಲೆಕ್ಕಕ್ಕಿಲ್ಲ. ಸೋತ ಎಲೆಯನ್ನು ಸುಮ್ನೆ ಯಾಕೆ ತೋರಿಸಬೇಕು ಅನ್ನೋದೂ ನ್ಯಾಯವೇ, ಒಪ್ಪಿದೆ.

ಆದರೆ ಅದೇ ಪುಸ್ತಕ ಇನ್ನೂ ಒಂದು ಮಾತು ಹೇಳುತ್ತೆ. ಗೆಲ್ಲೋ ಎಲೆ ಇದೆ ಅನಿಸಿದವರು ಸರದಿ ಕಾಯದೆ ಬೇಗ ತೋರಿಸಲಿ, ಆಟ ಸಾಗಲಿ ಅಂತ. ಮೂರು ರಾಣಿ ಹಿಡಿದು ಅರ್ಧ ಗಂಟೆ ಕೂತಿರಲ್ಲ, ಆ ಸಾಲು ನಿಮ್ಮ ಹಾಳೆಯಲ್ಲಿ ಇರಲಿಲ್ವಾ?

ಎಲೆಯೇ ಮಾತಾಡಬೇಕು ಅನ್ನೋ ಪಕ್ಷ ನನ್ನದು. ಅದನ್ನು ಕಲಿಯಲು ನಾನು ದಂಡ ಕಟ್ಟಿದ್ದೇನೆ. ಒಮ್ಮೆ ಮೇಜಿನ ಮೇಲೆ, ಎಲ್ಲರಿಗೂ ಸೇರಿದ ಎಲೆಗಳಲ್ಲಿ, ಮೂರು ಆಟೀನು ಬಿದ್ದಿತ್ತು. ಎದುರಿನವರು ‘ಫ್ಲಶ್’ ಅಂದರು, ಅಂದರೆ ಒಂದೇ ಗುರುತಿನ ಐದು ಎಲೆ, ನನ್ನದಕ್ಕಿಂತ ದೊಡ್ಡದು. ನಾನು ಎರಡು ಜೋಡಿಯನ್ನು ಕಸಕ್ಕೆ ತಳ್ಳಿದೆ. ಆಮೇಲೆ ಅವರು ತಿರುವಿದರು. ಅವರ ಕೈಯ ಎರಡೂ ಕೆಂಪೇ, ಆದರೆ ಒಂದು ಆಟೀನು, ಇನ್ನೊಂದು ಡೈಮಂಡು. ಬೇಕಂತಲೇ ಹೇಳಿದ್ದಲ್ಲ, ಬಣ್ಣ ನೋಡಿ ಮೋಸ ಹೋಗಿದ್ದರು. ನನ್ನ ಎಲೆಗಳು ಅಷ್ಟರಲ್ಲಿ ರಾಶಿಯಲ್ಲಿ ಕಲೆತುಹೋಗಿದ್ದವು. ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ, ಕೈಬಿಟ್ಟ ಎಲೆಗೆ ಜೀವವಿಲ್ಲ. ಹಣ ಅವರಿಗೇ ಹೋಯಿತು.

2001ರಲ್ಲಿ ಶುರುವಾದ, ಪೋಕರ್ ಪಂದ್ಯ ನಡೆಸುವವರ ಸಂಘವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್‌ನವರ ನಿಯಮಪಟ್ಟಿಯಲ್ಲಿ ಮೊದಲನೆಯದೇ ಇದು: ಆಟದ ಹಿತ, ನ್ಯಾಯ ಮುಖ್ಯ. ಅಗತ್ಯ ಬಿದ್ದರೆ ನಿಯಮದ ಅಕ್ಷರವನ್ನು ಬದಿಗಿಡಬಹುದು. ಇದನ್ನು ಮಾತ್ರ ಯಾರೂ ಜೆರಾಕ್ಸ್ ಮಾಡಿಸಿಕೊಳ್ಳೋದಿಲ್ಲ. ಈ ಕಚೇರಿಗೆ ಬರೋ ಕಾಗದಗಳದ್ದೂ ಇದೇ ಕಥೆ. ನಿಘಂಟಿನ ಅರ್ಧ ಸಾಲು ಕತ್ತರಿಸಿ ಕಳಿಸಿ ‘ನಿಮ್ಮ ಕಾಗುಣಿತ ತಪ್ಪು’ ಅಂತಾರೆ. ಉಳಿದರ್ಧ ನಾನು ಓದಿ ಹೇಳಬೇಕು. ಈಗೀಗ ಪೂರ್ತಿ ಪುಟ ಓದೋರು ಅಂದರೆ ಕರಡು ತಿದ್ದೋರು ಮಾತ್ರ. ಅವರೂ ಕಡಿಮೆಯಾಗುತ್ತಿದ್ದಾರೆ.

ಇರಲಿ. ಗೆಳೆಯರು ಎಲೆ ಎಸೆದ ಮೇಲೆ ಉಳಿದದ್ದು ನಿಮ್ಮ ಕೈ ಒಂದೇ, ಹಣ ನಿಮ್ಮದು. ಅವರ ಹತ್ತಿರ ಏನಿತ್ತು ಅಂತ ಮಾತ್ರ ನೀವು ಬರೆದಿಲ್ಲ. ಗೊತ್ತಾದರೆ ತಿಳಿಸಿ, ನನಗೆ ಕುತೂಹಲ.