ನಿದ್ದೆಯಿಂದ ಎಚ್ಚರವಾದಾಗ ಕೈಕಾಲು ಆಡುವುದಿಲ್ಲ, ಕೋಣೆಯಲ್ಲಿ ಯಾರೋ ನಿಂತಿರುತ್ತಾರೆ. ನನಗೆ ಹುಚ್ಚು ಹಿಡಿಯುತ್ತಿದೆಯೇ?

ಇಲ್ಲ, ಹುಚ್ಚು ಹಿಡಿಯುತ್ತಿಲ್ಲ. ಯಾವ ಪೀಡೆಯೂ ಮೆಟ್ಟಿಕೊಂಡಿಲ್ಲ. ಮೊದಲು ಇಷ್ಟನ್ನು ನಂಬಿ, ಆಮೇಲೆ ಉಳಿದದ್ದನ್ನು ಓದಿ.

ನೀವು ಕೇಳಿರುವುದು ಇದು: ರಾತ್ರಿ ಪಾಳಿ ಮುಗಿಸಿ ಪಿಜಿಗೆ ಬಂದು ಮಲಗುತ್ತೀರಿ. ಸ್ವಲ್ಪ ಹೊತ್ತಿಗೆ ಎಚ್ಚರವಾಗುತ್ತದೆ. ಕೋಣೆಯೆಲ್ಲ ಕಾಣುತ್ತದೆ, ಆದರೆ ಒಂದು ಬೆರಳೂ ಅಲ್ಲಾಡುವುದಿಲ್ಲ. ಬಾಗಿಲ ಬಳಿ ನಿಂತ ಕಪ್ಪು ಆಕೃತಿ ಹತ್ತಿರ ಬಂದು ಎದೆಯ ಮೇಲೆ ಕೂರುತ್ತದೆ, ಉಸಿರು ಕಟ್ಟುತ್ತದೆ, ಕೂಗಲು ಹೋದರೆ ದನಿ ಏಳುವುದಿಲ್ಲ. ಅಮ್ಮ ಊರಿಗೆ ಬಾ, ತಾಯಿತ ಕಟ್ಟಿಸೋಣ ಅನ್ನುತ್ತಾರೆ. ಜೊತೆಗಿರುವವರು ನಗುತ್ತಾರೆ. ಈಗ ಮಲಗುವುದಕ್ಕೇ ಹೆದರಿಕೆ, ಲೈಟ್ ಹಾಕಿಕೊಂಡು ಮಲಗಬಹುದೇ ಅಂತಲೂ ಕೇಳಿದ್ದೀರಿ.

ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ನಾನು ಡಾಕ್ಟರ್ ಅಲ್ಲ, ಒಂದು ಆಸ್ಪತ್ರೆಯ ಸ್ಲೀಪ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಜನ ಮಲಗುವುದನ್ನು ರಾತ್ರಿಯಿಡೀ ನೋಡುತ್ತಾ ಕೂರುವುದೇ ನನ್ನ ಕೆಲಸ. ಹಾಗಾಗಿ ನಿಮ್ಮ ಮೈಯಲ್ಲಿ ಆ ಹೊತ್ತು ಏನಾಗುತ್ತಿದೆ ಅನ್ನುವುದನ್ನು ನಾನು ಪ್ರತಿದಿನ ಕಾಣುವ ರೀತಿಯಲ್ಲೇ ಹೇಳುತ್ತೇನೆ.

ಪರೀಕ್ಷೆಗೆ ಬಂದವರ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ಪೇಸ್ಟ್ ಹಚ್ಚಿ ವೈರ್ ಅಂಟಿಸುತ್ತೇವೆ. ಎದೆಗೊಂದು, ಹೊಟ್ಟೆಗೊಂದು ಬೆಲ್ಟ್. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್. ಆಮೇಲೆ ಪಕ್ಕದ ಕೋಣೆಯಲ್ಲಿ ಕೂತು ಸ್ಕ್ರೀನಿನ ಮೇಲೆ ಓಡುವ ಗೆರೆಗಳನ್ನು ನೋಡುತ್ತೇವೆ. ನಿದ್ದೆ ಹತ್ತಿ ಸುಮಾರು ಒಂದೂವರೆ ಗಂಟೆಯಾದ ಮೇಲೆ ಒಂದು ಬದಲಾವಣೆ ಬರುತ್ತದೆ. ಅಲ್ಲಿಯವರೆಗೆ ಸ್ವಲ್ಪ ಒರಟಾಗಿ ಓಡುತ್ತಿದ್ದ ಗದ್ದದ ಗೆರೆ ತೆಳ್ಳಗಾಗಿ ಚಪ್ಪಟೆಯಾಗಿಬಿಡುತ್ತದೆ. ಅದೇ ಹೊತ್ತಿಗೆ ಕಣ್ಣಿನ ಎರಡು ಗೆರೆಗಳು ಎದುರುಬದುರಾಗಿ ಜಿಗಿಯತೊಡಗುತ್ತವೆ. ಮಿದುಳಿನ ಗೆರೆ ನೋಡಿದರೆ ಈ ಮನುಷ್ಯ ಎದ್ದೇ ಇದ್ದಾನೇನೋ ಅನ್ನಿಸುತ್ತದೆ. ಇದೇ ಆರ್‌ಇಎಂ (ರ್ಯಾಪಿಡ್ ಐ ಮೂವ್‌ಮೆಂಟ್, ಕಣ್ಣು ವೇಗವಾಗಿ ಆಡುವ) ನಿದ್ದೆ, ಎದ್ದುಕಾಣುವ ಕನಸುಗಳ ನಿದ್ದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್‌ಕಿ ಮತ್ತು ಕ್ಲೈಟ್‌ಮನ್ ಇದನ್ನು ಗುರುತಿಸಿದರು. ದೊಡ್ಡವರಲ್ಲಿ ರಾತ್ರಿಯ ನಿದ್ದೆಯ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಇದೇ ಇರುತ್ತದೆ.

ಗದ್ದದ ಗೆರೆ ಚಪ್ಪಟೆಯಾಯಿತು ಅಂದರೆ ಮೈಯ ಸ್ನಾಯುಗಳಿಗೆ ಮಿದುಳು ತಡೆ ಹಾಕಿದೆ ಎಂದರ್ಥ. ಮಿದುಳುಕಾಂಡದಿಂದ, ಅಂದರೆ ಮಿದುಳಿನ ಬುಡದಿಂದ, ಹೊರಟ ಆಜ್ಞೆಗೆ ಗ್ಲೈಸೀನ್, ಗಾಬಾ ಎಂಬ ರಾಸಾಯನಿಕಗಳು ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಸುಮ್ಮನಾಗಿಸುತ್ತವೆ. ಕಣ್ಣು ಮತ್ತು ವಪೆ, ಅಂದರೆ ಉಸಿರಾಟದ ಮುಖ್ಯ ಸ್ನಾಯು, ಮುಖ್ಯವಾಗಿ ಇವೆರಡಕ್ಕೆ ವಿನಾಯಿತಿ. ಈ ತಡೆ ನಮ್ಮ ರಕ್ಷಣೆಗೇ ಇದೆ. ಫ್ರಾನ್ಸಿನ ವಿಜ್ಞಾನಿ ಮಿಶೆಲ್ ಜುವೆ ಬೆಕ್ಕುಗಳ ಮಿದುಳುಕಾಂಡದಲ್ಲಿ ಈ ತಡೆ ಹಾಕುವ ಭಾಗವನ್ನು ಕೆಡಿಸಿ ನೋಡಿದಾಗ, ಅವು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗುತ್ತಿದ್ದವು. ಮನುಷ್ಯರಲ್ಲೂ ಈ ತಡೆ ಕೈಕೊಟ್ಟವರಿದ್ದಾರೆ. ಕನಸಿನಲ್ಲಿ ಕಳ್ಳನಿಗೆ ಹೊಡೆಯುತ್ತೇನೆಂದು ಪಕ್ಕದಲ್ಲಿ ಮಲಗಿದ ಹೆಂಡತಿಗೆ ಹೊಡೆದು, ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಲ್ಯಾಬಿಗೆ ಬರುತ್ತಾರೆ. ಅಂದರೆ ನಿಮ್ಮ ಮೈ ಕಟ್ಟಿಹೋಗುವುದು ಕಾಯಿಲೆಯಲ್ಲ. ನಮ್ಮೆಲ್ಲರ ಮೈಯೂ ಪ್ರತಿ ರಾತ್ರಿ ಹಾಗೆ ಕಟ್ಟಿಹೋಗುತ್ತದೆ. ಆ ಹೊತ್ತಿನಲ್ಲಿ ನಾವು ಎಚ್ಚರವಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಿಮಗೆ ಆಗುತ್ತಿರುವುದು ಅರ್ಧ ಎಚ್ಚರ. ಹಳ್ಳಿಯಲ್ಲಿ ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಮಾತ್ರ ಬಂದಾಗ ಮನೆಯ ದೀಪ ಉರಿಯುತ್ತದೆ, ಪಂಪ್‌ಸೆಟ್ ಓಡುವುದಿಲ್ಲವಲ್ಲ, ಹಾಗೆ. ಅರಿವು ಬಂದಿದೆ, ತಡೆ ಇನ್ನೂ ತೆಗೆದಿಲ್ಲ, ಕನಸೂ ನಿಂತಿಲ್ಲ. 1992ರಲ್ಲಿ ಜಪಾನಿನ ಸಂಶೋಧಕರು ಆರೋಗ್ಯವಂತರನ್ನೇ ನಿದ್ದೆಯ ನಡುವೆ ಎಬ್ಬಿಸಿ ಮತ್ತೆ ಮಲಗಿಸಿ ಇದನ್ನು ಲ್ಯಾಬಿನಲ್ಲೇ ಬರಿಸಿದರು. ಮಿದುಳಿನ ಗೆರೆಯಲ್ಲಿ ಎಚ್ಚರದ ಆಲ್ಫಾ ಅಲೆಗಳು, ಸ್ನಾಯುವಿನ ಗೆರೆ ಮಾತ್ರ ಚಪ್ಪಟೆ.

ಉಸಿರಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ 'ನಿದ್ದೆಯಲ್ಲೇ ಸತ್ತುಹೋಗುತ್ತೇನಾ' ಎಂದು ಬರೆದಿದ್ದೀರಿ. ಕನಸಿನ ನಿದ್ದೆಯಲ್ಲಿ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಸಡಿಲವಾಗಿರುತ್ತವೆ, ವಪೆಯೊಂದೇ ದುಡಿಯುತ್ತಿರುತ್ತದೆ. ಉಸಿರು ಮೇಲುಮೇಲಕ್ಕೆ, ಏರುಪೇರಾಗಿ ಆಡುತ್ತದೆ. ನಿದ್ದೆಯಲ್ಲಿರುವವರಿಗೆ ಅದರ ಗೊಡವೆಯೇ ಇಲ್ಲ. ನೀವು ಎಚ್ಚರವಾಗಿ, ಗಾಬರಿಯಿಂದ ದೀರ್ಘವಾಗಿ ಉಸಿರೆಳೆಯಲು ಹೋಗುತ್ತೀರಿ. ಎದೆ ಮಾತು ಕೇಳುವುದಿಲ್ಲ. ಆಗ ಯಾರೋ ಎದೆಯ ಮೇಲೆ ಕೂತು ಅಮುಕುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಉಸಿರು ನಿಂತಿರುವುದಿಲ್ಲ. ಸ್ಕ್ರೀನಿನ ಮೇಲೆ ಹೊಟ್ಟೆಯ ಬೆಲ್ಟಿನ ಗೆರೆ ಏಳುತ್ತ ಇಳಿಯುತ್ತ ಸಾಗುತ್ತಲೇ ಇರುವುದನ್ನು ನಾನು ದಿನವೂ ನೋಡುತ್ತೇನೆ. ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳೊಳಗೆ ಎಲ್ಲ ತಾನಾಗಿ ಬಿಡುತ್ತದೆ. ಇದರಿಂದ ಜೀವ ಹೋಗುವುದಿಲ್ಲ.

ಇನ್ನು ಆ ಆಕೃತಿ. ನೀವು ಕಂಡದ್ದನ್ನು 'ಭ್ರಮೆ, ಬಿಡು' ಅಂದವರ ಮಾತಿನಿಂದ ನಿಮಗೆ ನೋವಾಗಿದೆ ಅಂತ ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ. ನನಗೂ ಇದು ಹಾಸ್ಟೆಲ್ ದಿನಗಳಲ್ಲಿ, ಪರೀಕ್ಷೆಗೆ ನಿದ್ದೆಗೆಟ್ಟು ಓದುತ್ತಿದ್ದಾಗ ಆಗುತ್ತಿತ್ತು. ಬಾಗಿಲಿನ ಚಿಲಕ ಸರಿದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ, ಮುಖವಿಲ್ಲದವನು, ಕಾಲ ಬಳಿ ಬಂದು ಕೂರುತ್ತಿದ್ದ. ಅವನು ಕೂತಾಗ ಮಂಚದ ಆ ಬದಿ ಕುಸಿದದ್ದು ನನ್ನ ಹಿಮ್ಮಡಿಗೆ ತಿಳಿಯುತ್ತಿತ್ತು. ಕೈಯಳತೆಯಲ್ಲಿ ಗೆಳೆಯ ಮಲಗಿದ್ದ, ಅವನನ್ನು ಕೂಗಲು ಆಗುತ್ತಿರಲಿಲ್ಲ. ಆ ಹೆದರಿಕೆ ಸುಳ್ಳಲ್ಲ. ಎದೆ ಬಡಿದುಕೊಳ್ಳುವುದು, ಬೆವರುವುದು ಯಾವುದೂ ಸುಳ್ಳಲ್ಲ. ಕೋಣೆಯಲ್ಲಿ ಅವನಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಕೆನಡಾದ ಸಂಶೋಧಕ ಚೇಯ್ನ್ ಮತ್ತು ಸಂಗಡಿಗರು 1999ರಲ್ಲಿ ಇಂಥ ಅನುಭವಗಳನ್ನು ಕಲೆಹಾಕಿದಾಗ ಅವು ಮೂರು ಬಗೆಯಾಗಿ ಗುಂಪುಗೂಡಿದವು. ಕೋಣೆಗೆ ಯಾರೋ ನುಗ್ಗಿದ್ದಾರೆ ಅನ್ನಿಸುವುದು, ಹೆಜ್ಜೆ ಸದ್ದು, ಪಿಸುಮಾತು ಒಂದು. ಎದೆಯ ಮೇಲಿನ ಭಾರ, ಉಸಿರುಗಟ್ಟುವುದು ಇನ್ನೊಂದು. ಹಾಸಿಗೆಯಿಂದ ಮೇಲೆದ್ದು ತೇಲಿದಂತೆ, ತನ್ನ ಮೈಯನ್ನು ತಾನೇ ಮೇಲಿನಿಂದ ನೋಡಿದಂತೆ ಆಗುವುದು ಮೂರನೆಯದು. ಮೊದಲಿನ ಎರಡು ಸಾಮಾನ್ಯವಾಗಿ ಜೊತೆಗೂಡಿ ಬರುತ್ತವೆ, ನಿಮಗೆ ಬಂದಂತೆಯೇ. ಕನಸಿನ ನಿದ್ದೆಯಲ್ಲಿ ಅಪಾಯ ಗುರುತಿಸುವ ಮಿದುಳಿನ ಭಾಗ ಚುರುಕಾಗಿರುತ್ತದೆ. ಅಂಥ ಹೊತ್ತಿನಲ್ಲಿ ಎದ್ದು, ಮೈ ಆಡದೆ ಮಲಗಿದ್ದರೆ, ಅದು ಅಪಾಯ ಎಲ್ಲಿದೆ ಅಂತ ಹುಡುಕುತ್ತದೆ. ಹ್ಯಾಂಗರಿನ ಅಂಗಿ, ಬಾಗಿಲ ಸಂದಿನ ನೆರಳು, ಯಾವುದಾದರೂ ಸಾಕು.

ಇದಕ್ಕೆ ಸಂಬಂಧಿಸಿ ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ ಒಂದು ಪ್ರಯೋಗವಿದೆ. 2006ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 22 ವರ್ಷದ ಹೆಣ್ಣುಮಗಳೊಬ್ಬಳಿಗೆ ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುನ್ನ ಮಿದುಳಿನ ಎಡಬದಿಯ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟರು. ಮೈ ಎಲ್ಲಿದೆ, ಹೇಗಿದೆ ಅನ್ನುವ ಲೆಕ್ಕ ಇಡುವ ಜಾಗವದು. ಕೂಡಲೇ ಆಕೆಗೆ ಹಿಂದೆ ಒಬ್ಬ ನೆರಳುಮನುಷ್ಯ ಇದ್ದಾನೆ ಅನ್ನಿಸಿತು. ಮಲಗಿದ್ದಾಗ ಅವನೂ ಕೆಳಗೆ ಮಲಗಿದ್ದ. ಆಕೆ ಎದ್ದು ಮೊಣಕಾಲು ತಬ್ಬಿ ಕೂತರೆ ಅವನೂ ಕೂತು ಆಕೆಯನ್ನು ತಬ್ಬಿದ. ಆಕೆಗೆ ಅದು ಕಸಿವಿಸಿಯಾಯಿತು. ಅವನು ಬೇರೆ ಯಾರೂ ಅಲ್ಲ, ಆಕೆಯ ಮೈಯ ಲೆಕ್ಕವೇ ಸ್ಥಳ ತಪ್ಪಿ ಇನ್ನೊಬ್ಬನಾಗಿ ಕಂಡದ್ದು. ನಿಮ್ಮ ಬಾಗಿಲ ಬಳಿ ನಿಲ್ಲುವವನಲ್ಲೂ ಇದರ ಪಾಲಿದೆ ಎಂದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಮುಖವನ್ನು ಕೊಡುವುದು ಮಾತ್ರ ನಾವು ಬೆಳೆದ ಊರು. ನನ್ನವನು ಕಂಬಳಿ ಹೊದ್ದಿದ್ದ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿಯೊಬ್ಬಳು ಬಂದು ಎದೆಯೇರುತ್ತಾಳೆ. ತಮಿಳರಲ್ಲಿ ಅಮುಕ್ಕುವಾನ್ ಪೇಯಿ, ಈಜಿಪ್ಟಿನಲ್ಲಿ ಜಿನ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫ್ಯೂಸ್ಲಿ ಎಂಬ ಕಲಾವಿದ 1781ರಲ್ಲೇ ಇದನ್ನು ಚಿತ್ರ ಮಾಡಿದ್ದಾನೆ: ಅಂಗಾತ ಬಿದ್ದ ಹೆಂಗಸು, ಅವಳ ಎದೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ ಕುಳ್ಳ ಪಿಶಾಚಿ. ಅವಳು ಅಂಗಾತ ಮಲಗಿರುವುದನ್ನು ಗಮನಿಸಿ, ಮುಂದೆ ಅದಕ್ಕೆ ಬರುತ್ತೇನೆ. 2011ರಲ್ಲಿ 35 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸಾಮಾನ್ಯ ಜನರಲ್ಲಿ ಶೇ. 7.6, ವಿದ್ಯಾರ್ಥಿಗಳಲ್ಲಿ ಶೇ. 28.3 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿತ್ತು. ನಿಮ್ಮ ಆಫೀಸಿನ ಕ್ಯಾಬ್‌ನಲ್ಲಿ ಕೂತವರಲ್ಲೇ ಇನ್ನೊಬ್ಬರಿಗೆ ಆಗಿರಬಹುದು, ಹೇಳಿಕೊಂಡಿರುವುದಿಲ್ಲ.

ನಿಮಗೆ ಯಾಕೆ ಈಗ ಶುರುವಾಯಿತು? ಪಾಳಿ. ಕನಸಿನ ನಿದ್ದೆಯ ಒತ್ತಡ ಸಹಜವಾಗಿಯೇ ಬೆಳಗಿನ ಹೊತ್ತಿಗೆ ಹೆಚ್ಚು. ನೀವು ರಾತ್ರಿಯಿಡೀ ಎದ್ದಿದ್ದು ಸರಿಯಾಗಿ ಅದೇ ಹೊತ್ತಿಗೆ ಮಲಗುತ್ತೀರಿ, ಅದು ಬೇಗ ಬಂದುಬಿಡುತ್ತದೆ. ಅಷ್ಟರಲ್ಲಿ ಪಿಜಿಯ ಬಾತ್‌ರೂಮಿನ ಸದ್ದು, ರಸ್ತೆಯ ಹಾರ್ನ್, ಕಿಟಕಿಯ ಬಿಸಿಲು ಅರ್ಧಕ್ಕೆ ಎಬ್ಬಿಸುತ್ತವೆ. ಇದರ ಮೇಲೆ ಹೆದರಿಕೆ ಸೇರಿತು. ಹೆದರಿ ಮಲಗುವುದನ್ನು ಮುಂದಕ್ಕೆ ಹಾಕುತ್ತೀರಿ, ನಿದ್ದೆ ಇನ್ನೂ ಕಡಿಮೆಯಾಗುತ್ತದೆ, ಕಡಿಮೆ ನಿದ್ದೆಗೆ ಇದು ಇನ್ನೂ ಹೆಚ್ಚು ಬರುತ್ತದೆ. ನನ್ನ ಪ್ರಕಾರ ಮೊದಲು ಮುರಿಯಬೇಕಾದದ್ದು ಈ ಸುತ್ತನ್ನು. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ, ಹೊರಳದಂತೆ ಬೆನ್ನಿಗೊಂದು ದಿಂಬು ಒತ್ತಿಟ್ಟುಕೊಳ್ಳಿ. ಅಂಗಾತ ಮಲಗಿದಾಗಲೇ ಇದು ಹೆಚ್ಚು. ರಜೆಯ ದಿನ ರಾತ್ರಿ ನಿದ್ದೆಗೆ ಪೂರ್ತಿ ತಿರುಗಿಬಿಡಬೇಡಿ, ವಾರವಿಡೀ ಮಲಗುವ ಹೊತ್ತು ಆದಷ್ಟು ಹತ್ತಿರ ಇರಲಿ. ಕಿಟಕಿಗೆ ದಪ್ಪ ಪರದೆ, ಕಿವಿಗೆ ಇಯರ್‌ಪ್ಲಗ್. ನಿದ್ದೆ ಬರಲಿ ಅಂತ ಕುಡಿಯುವ ಅಭ್ಯಾಸವಿದ್ದರೆ ಬಿಡಿ, ಅದು ಕನಸಿನ ನಿದ್ದೆಯನ್ನು ಮೊದಲು ಅದುಮಿ ಆಮೇಲೆ ಒಟ್ಟಿಗೆ ಬಿಡುತ್ತದೆ.

ಮತ್ತೆ ಬಂದಾಗ ಗುದ್ದಾಡಬೇಡಿ. ಗುದ್ದಾಡಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಎದೆ ಭಾರ. ಉಸಿರನ್ನು ಎಳೆಯಲು ಹೋಗಬೇಡಿ, ಅದು ತನ್ನ ಪಾಡಿಗೆ ಆಡಲಿ. 'ಇದು ಅದೇ, ಈಗ ಹೋಗುತ್ತದೆ' ಅಂದುಕೊಂಡು ಕಣ್ಣು ಮುಚ್ಚಿ, ಆಕೃತಿಯಿಂದ ಗಮನ ತೆಗೆದು ನಿಮಗೆ ಪ್ರೀತಿಯಾದ ಒಂದರ ಮೇಲೆ ಇಡಿ. ಬಾಲಂದ್ ಜಲಾಲ್ ಎಂಬ ಸಂಶೋಧಕ ಹೇಳಿಕೊಡುವ ಕ್ರಮವೂ ಹೆಚ್ಚುಕಡಿಮೆ ಇದೇ. ಹನುಮಾನ್ ಚಾಲೀಸ ಬಾಯಿಪಾಠವಿದ್ದರೆ ಮನಸ್ಸಿನಲ್ಲೇ ಹೇಳಿಕೊಳ್ಳಿ, ಅಮ್ಮನಿಗೂ ಸಮಾಧಾನ. ಕೆಲವರಿಗೆ ಕಾಲ ಹೆಬ್ಬೆರಳನ್ನು ಮೆಲ್ಲಗೆ ಆಡಿಸಲು ನೋಡುವುದು ಸಹಾಯ ಮಾಡುತ್ತದೆ, ನನಗೆ ಮಾಡುತ್ತಿತ್ತು. ಬಿಟ್ಟ ಮೇಲೆ ಕೂಡಲೇ ಹಾಗೇ ನಿದ್ದೆಗೆ ಜಾರಬೇಡಿ, ಎದ್ದು ಕೂತು ನೀರು ಕುಡಿದು ಮತ್ತೆ ಮಲಗಿ.

ಅಮ್ಮನ ಜೊತೆ ಜಗಳ ಬೇಡ. ಅವರು ದೃಷ್ಟಿ ತೆಗೆದರೆ, ತಾಯಿತ ಕಟ್ಟಿದರೆ ಅದರಲ್ಲಿ ಪ್ರೀತಿ ಇದೆ, ಕೆಡುಕಿಲ್ಲ. ಆದರೆ ಪೀಡೆಯ ಕಥೆಯನ್ನು ಒಳಗೆ ಇಳಿಯಲು ಬಿಡಬೇಡಿ. ಅದೇ ಜಲಾಲ್ ಮತ್ತು ಹಿಂಟನ್ ಎಂಬ ಇನ್ನೊಬ್ಬ ಸಂಶೋಧಕ 2013ರಲ್ಲಿ ಈಜಿಪ್ಟ್ ಮತ್ತು ಡೆನ್ಮಾರ್ಕಿನ ಜನರನ್ನು ಹೋಲಿಸಿದಾಗ, ಈಜಿಪ್ಟಿನವರಲ್ಲಿ ಸಾಯುವ ಭಯ ಹೆಚ್ಚು, ಮೈ ಕಟ್ಟಿಹೋದ ಹೊತ್ತೂ ದೀರ್ಘವಾಗಿತ್ತು. ಜಿನ್ನಿನ ನಂಬಿಕೆ ಭಯವನ್ನು ಬೆಳೆಸುತ್ತದೆ ಎಂಬುದು ಅವರ ವಿವರಣೆ. ಮಂತ್ರವಾದಿಗೆ ಸಾವಿರಗಟ್ಟಲೆ ಸುರಿಯುವುದನ್ನು, ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಳ್ಳುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. 'ಅಮ್ಮಾ, ನಂಗೇನೂ ಸೋಕಿಲ್ಲ, ಪಾಳಿ ಕೆಲಸದಿಂದ ನಿದ್ದೆ ಕೆಟ್ಟಿದೆ, ಡಾಕ್ಟರಿಗೆ ತೋರಿಸ್ತೀನಿ' ಅನ್ನಿ.

ಡಾಕ್ಟರಿಗೆ ಯಾವಾಗ ತೋರಿಸಲೇಬೇಕು ಅಂದರೆ: ಸಾಕಷ್ಟು ಮಲಗಿದರೂ ಎದ್ದಿರಬೇಕಾದ ಹೊತ್ತಿನಲ್ಲಿ ತಡೆಯಲಾಗದ ನಿದ್ದೆ ಬಂದರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದರೆ, ಅದು ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರಬಹುದು. ಅದಕ್ಕೆ ರಾತ್ರಿಯ ಪರೀಕ್ಷೆಯ ಮಾರನೆಯ ದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ ನೋಡುವ ಇನ್ನೊಂದು ಪರೀಕ್ಷೆಯಿದೆ. ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಅಂತ ಪಕ್ಕದವರು ಹೇಳಿದರೆ ಅದನ್ನೂ ತೋರಿಸಿ. ಪೂರ್ತಿ ಎಚ್ಚರದಲ್ಲಿ, ಓಡಾಡುವಾಗಲೂ ದನಿ ಕೇಳಿದರೆ, ಆಕೃತಿ ಕಂಡರೆ, ಅದು ಬೇರೆ ವಿಷಯ, ತಡಮಾಡಬೇಡಿ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಅವುಗಳಲ್ಲಿ ಹಲವು ಕನಸಿನ ನಿದ್ದೆಯನ್ನು ತಗ್ಗಿಸುತ್ತವೆ, ಥಟ್ಟನೆ ಬಿಟ್ಟರೆ ಅದು ಉಕ್ಕಿ ಬರುತ್ತದೆ. ಇವು ಯಾವುವೂ ಇಲ್ಲದೆ, ಹೆದರಿಕೆಯೊಂದೇ ಜಾಸ್ತಿಯಾಗಿದ್ದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಲೈಟಿನ ವಿಷಯ: ಸದ್ಯಕ್ಕೆ ಮಂದವಾದ ಜೀರೋ ಬಲ್ಬ್ ಇಟ್ಟುಕೊಳ್ಳಿ, ಅದೂ ಕಣ್ಣಿಗೆ ನೇರ ಬೀಳದ ಹಾಗೆ, ಮಂಚಕ್ಕಿಂತ ಕೆಳಗೆ. ಟ್ಯೂಬ್‌ಲೈಟ್ ಹಾಕಿಕೊಂಡು ಮಲಗಿದರೆ ನಿದ್ದೆ ತುಂಡಾಗುತ್ತದೆ, ನಮಗೆ ಬೇಡವಾದದ್ದೇ ಅದು. ಬಾಗಿಲ ಹಿಂದೆ ನೇತುಹಾಕಿದ ಬಟ್ಟೆಗಳನ್ನು ತೆಗೆದು ಬೀರುವಿನೊಳಗೆ ಇಡಿ. ಎರಡು ವಾರ ಹೀಗೆ ಮಾಡಿ ನೋಡಿ, ಏನಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ಓದುತ್ತೇನೆ.