ರಾತ್ರಿಯ ವ್ಯಾಕ್ಯೂಮ್ ಬೆಳಗಾದರೂ ಮುಗಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ 14 ಡೇಟಾಬೇಸ್‌ನಲ್ಲಿ ಒಂದು ದೊಡ್ಡ ಟೇಬಲ್ ಇದೆ. ಸುಮಾರು 30 ಕೋಟಿ ಸಾಲು, 9 ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಗಳು). ಪ್ರತಿ ರಾತ್ರಿ ಹಳೆಯ ಸಾಲುಗಳನ್ನು ಅಳಿಸಿ, ಆಮೇಲೆ ಅವುಗಳ ಜಾಗವನ್ನು ಮರುಬಳಕೆಗೆ ಬಿಡಿಸುವ ವ್ಯಾಕ್ಯೂಮ್ ಓಡಿಸುತ್ತೇವೆ. ಮೊದಲು 40 ನಿಮಿಷ ಸಾಕಾಗುತ್ತಿತ್ತು. ಈಗ 7 ಗಂಟೆಯಾದರೂ ಮುಗಿಯುವುದಿಲ್ಲ. ಬೆಳಿಗ್ಗೆ ಜನ ಕೆಲಸ ಶುರು ಮಾಡುವ ಹೊತ್ತಿಗೆ ನಾವೇ ನಿಲ್ಲಿಸುತ್ತೇವೆ. ಸತ್ತ ಸಾಲುಗಳು (ಅಳಿಸಿದರೂ ಇನ್ನೂ ಜಾಗ ಬಿಡದವು) 6 ಕೋಟಿ ಮುಟ್ಟಿವೆ. ವೇಗದ ಡಿಸ್ಕ್ ಹಾಕಿದರೂ ಅಷ್ಟೇನೂ ಬದಲಾಗಲಿಲ್ಲ. ವ್ಯಾಕ್ಯೂಮ್ ಫುಲ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ವ್ಯಾಕ್ಯೂಮ್ ಫುಲ್ ಬೇಡ. ಅದು ಇಡೀ ಟೇಬಲ್ ಅನ್ನು ಹೊಸದಾಗಿ ಬರೆಯುತ್ತದೆ. ಮುಗಿಯುವ ತನಕ ಆ ಟೇಬಲ್ ಅನ್ನು ಯಾರೂ ಓದುವ ಹಾಗೂ ಇಲ್ಲ, ಬರೆಯುವ ಹಾಗೂ ಇಲ್ಲ. ಹೊಸ ಪ್ರತಿಗೆ ಡಿಸ್ಕ್‌ನಲ್ಲಿ ಜಾಗವೂ ಬೇಕು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ 6 ಕೋಟಿ. ವ್ಯಾಕ್ಯೂಮ್ ಮೊದಲು ಟೇಬಲ್ ಓದುತ್ತಾ ಹೋಗಿ, ಸತ್ತ ಸಾಲುಗಳ ವಿಳಾಸಗಳನ್ನು ಮೆಮೊರಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. 14ನೇ ಆವೃತ್ತಿಯಲ್ಲಿ ಒಂದು ವಿಳಾಸಕ್ಕೆ 6 ಬೈಟ್ ಬೇಕು. ಇದಕ್ಕೆ ಎಷ್ಟು ಮೆಮೊರಿ ಎಂದು ಹೇಳುವುದು 'ಮೇಂಟೆನೆನ್ಸ್_ವರ್ಕ್_ಮೆಮ್'. ಯಾರೂ ಮುಟ್ಟದಿದ್ದರೆ ಅದು 64 ಎಂಬಿ. ಅದರಲ್ಲಿ ಹಿಡಿಯುವುದು ಸುಮಾರು 1.1 ಕೋಟಿ ವಿಳಾಸ ಮಾತ್ರ. ಪಟ್ಟಿ ತುಂಬಿದ ಕೂಡಲೇ ಟೇಬಲ್ ಓದುವುದನ್ನು ಅಲ್ಲಿಗೇ ಬಿಟ್ಟು, 9 ಇಂಡೆಕ್ಸ್‌ಗಳನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಿ ಬರುತ್ತದೆ. ಆಮೇಲೆ ಪಟ್ಟಿ ಖಾಲಿ ಮಾಡಿ ಮತ್ತೆ ಟೇಬಲ್‌ಗೆ ಬರುತ್ತದೆ. 6 ಕೋಟಿಗೆ ಇಂಥ 6 ಸುತ್ತು. 9 ಸಲ ಇಂಡೆಕ್ಸ್ ಓದಿದರೆ ಮುಗಿಯಬೇಕಿದ್ದ ಕೆಲಸಕ್ಕೆ 54 ಸಲ ಓದಿದಂತಾಯಿತು. ಟೇಬಲ್‌ನಲ್ಲಾದರೆ ಬದಲಾಗದ ಪುಟಗಳನ್ನು ವ್ಯಾಕ್ಯೂಮ್ ದಾಟಿ ಹೋಗಬಲ್ಲದು. ಇಂಡೆಕ್ಸ್‌ನಲ್ಲಿ ಆ ಸವಲತ್ತು ಇಲ್ಲ, ಪೂರ್ತಿ ಓದಲೇಬೇಕು. ಡಿಸ್ಕ್ ಬದಲಿಸಿದರೂ ಸುತ್ತುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಅಲ್ವಾ?

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಇವತ್ತು ರಾತ್ರಿ ವ್ಯಾಕ್ಯೂಮ್ ಓಡುವಾಗ 'ಪಿಜಿ_ಸ್ಟ್ಯಾಟ್_ಪ್ರೋಗ್ರೆಸ್_ವ್ಯಾಕ್ಯೂಮ್' ನೋಡಿ. ಅದರಲ್ಲಿ 'ಇಂಡೆಕ್ಸ್_ವ್ಯಾಕ್ಯೂಮ್_ಕೌಂಟ್' ಎಂಬ ಕಾಲಂ ಇದೆ. ಮುಗಿದ ಸುತ್ತುಗಳ ಲೆಕ್ಕ ಅದು. 1 ದಾಟಿದರೆ ಮೆಮೊರಿ ಸಾಲುತ್ತಿಲ್ಲ ಎಂದೇ ಅರ್ಥ. ಇಂಡೆಕ್ಸ್ ಹಂತದಲ್ಲಿ ಟೇಬಲ್‌ನ ಎಷ್ಟು ಪುಟ ಓದಿದೆ ಎಂಬ ಅಂಕಿ ಕದಲುವುದಿಲ್ಲ. ಅದನ್ನು ನೋಡಿ ಕೆಲಸ ನಿಂತೇಹೋಗಿದೆ ಎಂದು ತುಂಬಾ ಜನ ಗಾಬರಿಯಾಗುತ್ತಾರೆ. ನಿಂತಿರುವುದಿಲ್ಲ.

ಈಗ ಬೆಳಿಗ್ಗೆ ನಿಲ್ಲಿಸುವ ಅಭ್ಯಾಸದ ವಿಷಯ. ಅರ್ಧಕ್ಕೆ ನಿಲ್ಲಿಸಿದಾಗ ಆ ಸುತ್ತಿನ ಶ್ರಮ ಬಹುಪಾಲು ವ್ಯರ್ಥ. ಉಳಿದ ಸತ್ತ ಸಾಲುಗಳ ಮೇಲೆ ಮರುದಿನದ ಅಳಿಸುವಿಕೆ ಇನ್ನಷ್ಟು ಸೇರಿಸುತ್ತದೆ. 40 ನಿಮಿಷ 7 ಗಂಟೆಯಾಗಿ ಬೆಳೆದದ್ದು ಹೀಗೇ ಇರಬೇಕು. ಮಾಮೂಲಿ ವ್ಯಾಕ್ಯೂಮ್ ಓದು-ಬರಹವನ್ನು ತಡೆಯುವುದಿಲ್ಲ, ಡಿಸ್ಕ್ ಮೇಲೆ ಭಾರ ಹಾಕುತ್ತದೆ ಅಷ್ಟೇ. ಬಳಕೆ ಕಡಿಮೆ ಇರುವ ದಿನ ನೋಡಿ, ಆ ಸೆಷನ್‌ಗೆ ಮಾತ್ರ ಮೆಮೊರಿಯನ್ನು 512 ಎಂಬಿ ಮಾಡಿ ಶುರು ಮಾಡಿ. ಸುಮಾರು 8.9 ಕೋಟಿ ವಿಳಾಸ ಹಿಡಿಯುತ್ತದೆ, ಒಂದೇ ಸುತ್ತು ಸಾಕು. ಒಂದು ಸಲ ಕೊನೆಯ ತನಕ ಬಿಟ್ಟುಬಿಡಿ. ನಿಮ್ಮ ಆವೃತ್ತಿಯಲ್ಲಿ 1 ಜಿಬಿಗಿಂತ ಜಾಸ್ತಿ ಕೊಟ್ಟರೂ ವ್ಯಾಕ್ಯೂಮ್ ಬಳಸಿಕೊಳ್ಳುವುದಿಲ್ಲ. 2024ರಲ್ಲಿ ಬಂದ 17ನೇ ಆವೃತ್ತಿಯಲ್ಲಿ ಆ ಮಿತಿ ಹೋಗಿದೆ, ಪಟ್ಟಿಯೂ ಬಹಳ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ.

ಆದರೆ ಶುರು ಮಾಡುವ ಮೊದಲು ಇನ್ನೊಂದನ್ನು ನೋಡಲೇಬೇಕು. ಹಳೆಯ ಟ್ರಾನ್ಸಾಕ್ಷನ್ (ಒಂದೇ ಘಟಕವಾಗಿ ನಡೆಯುವ ಡೇಟಾಬೇಸ್ ಕೆಲಸ) ಒಂದು ತೆರೆದೇ ಇದ್ದರೆ, ಅದು ನೋಡಬಹುದಾದ ಸತ್ತ ಸಾಲನ್ನು ವ್ಯಾಕ್ಯೂಮ್ ಮುಟ್ಟುವುದಿಲ್ಲ. ಪ್ರತಿ ರಾತ್ರಿ ಅದೇ ಸಾಲುಗಳನ್ನು ಓದಿ, ಹಾಗೇ ಬಿಟ್ಟು ಬರುತ್ತದೆ. 'ವರ್ಬೋಸ್' ಸೇರಿಸಿ ಓಡಿಸಿದರೆ, ಸತ್ತಿದ್ದರೂ ಇನ್ನೂ ತೆಗೆಯಲಾಗದ ಸಾಲುಗಳೆಷ್ಟು ಎಂದು ವರದಿಯೇ ಹೇಳುತ್ತದೆ. ಆ ಅಂಕಿ ದೊಡ್ಡದಿದ್ದರೆ 'ಪಿಜಿ_ಸ್ಟ್ಯಾಟ್_ಆಕ್ಟಿವಿಟಿ'ಯಲ್ಲಿ 'ಬ್ಯಾಕೆಂಡ್_ಎಕ್ಸ್‌ಮಿನ್' (ಆ ಸಂಪರ್ಕ ಎಷ್ಟು ಹಳೆಯ ಸಾಲುಗಳನ್ನು ಹಿಡಿದಿಟ್ಟಿದೆ ಎಂಬ ಗುರುತು) ಯಾರದ್ದು ತೀರಾ ಹಳೆಯದು ಎಂದು ಹುಡುಕಿ. ಹೆಚ್ಚಾಗಿ ಯಾರೋ ಓಡಿಸಿ ಮರೆತ ದೊಡ್ಡ ರಿಪೋರ್ಟ್ ಸಿಗುತ್ತದೆ. ಅಲ್ಲಿ ಸಿಗದಿದ್ದರೆ ಬಳಕೆಯಲ್ಲಿಲ್ಲದ ರೆಪ್ಲಿಕೇಶನ್ ಸ್ಲಾಟ್‌ಗಳನ್ನು (ನಕಲು ಸರ್ವರ್‌ಗಾಗಿ ಡೇಟಾ ಕಾದಿಡುವ ಗುರುತುಗಳು), ಪ್ರಿಪೇರ್ಡ್ ಟ್ರಾನ್ಸಾಕ್ಷನ್‌ಗಳನ್ನು (ಸಿದ್ಧವಾಗಿದ್ದರೂ ಇನ್ನೂ ಕಮಿಟ್ ಆಗದವು) ನೋಡಿ. ಈ ಎರಡೂ ಸರ್ವರ್ ಮರುಚಾಲನೆ ಮಾಡಿದರೂ ಉಳಿದಿರುತ್ತವೆ. 'ರೀಸ್ಟಾರ್ಟ್ ಮಾಡಿದೆವಲ್ಲ' ಎಂದು ಇವನ್ನು ಬಿಟ್ಟುಬಿಡಬೇಡಿ.

9 ಇಂಡೆಕ್ಸ್ ಎಲ್ಲವೂ ಬೇಕೇ ಎಂದೂ ಕೇಳಿಕೊಳ್ಳಿ. 'ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್'ನಲ್ಲಿ 'ಐಡಿಎಕ್ಸ್_ಸ್ಕ್ಯಾನ್' (ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಎಂಬ ಲೆಕ್ಕ) ತಿಂಗಳುಗಟ್ಟಲೆ ಸೊನ್ನೆ ಇದ್ದರೆ ಅನುಮಾನ ಪಡಿ. ಆದರೆ ಒಂದೇ ಮೌಲ್ಯ ಎರಡು ಸಲ ಬಾರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಆಗಿದ್ದರೆ ತೆಗೆಯಬೇಡಿ. ರೆಪ್ಲಿಕಾದಲ್ಲಿ (ನಕಲು ಸರ್ವರ್‌ನಲ್ಲಿ) ಬಳಕೆಯಾಗುತ್ತಿದ್ದರೆ ಅದು ಮುಖ್ಯ ಸರ್ವರ್‌ನ ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ನೆನಪಿರಲಿ.

ತಾನಾಗಿಯೇ ಓಡುವ ಆಟೋವ್ಯಾಕ್ಯೂಮ್ ಇಷ್ಟು ದಿನ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಅದು ಟೇಬಲ್‌ನ ಶೇ. 20ರಷ್ಟು ಸಾಲುಗಳು ಸಾಯುವ ತನಕ ಕಾಯುತ್ತದೆ. 30 ಕೋಟಿಯಲ್ಲಿ ಶೇ. 20 ಅಂದರೆ 6 ಕೋಟಿ! ಚಿಕ್ಕ ಟೇಬಲ್‌ಗೆ ಸರಿಯಾದ ನಿಯಮ ಇಲ್ಲಿ ನಿಮಗೆ ಕೈಕೊಟ್ಟಿದೆ. ಈ ಒಂದು ಟೇಬಲ್‌ಗೆ ಮಾತ್ರ 'ಆಟೋವ್ಯಾಕ್ಯೂಮ್_ವ್ಯಾಕ್ಯೂಮ್_ಸ್ಕೇಲ್_ಫ್ಯಾಕ್ಟರ್' ಅನ್ನು 0.01ಕ್ಕೆ ಇಳಿಸಿ. 30 ಲಕ್ಷಕ್ಕೇ ಕೆಲಸ ಶುರುವಾಗುತ್ತದೆ. ಆಟೋವ್ಯಾಕ್ಯೂಮ್ ನಡುನಡುವೆ ತಡೆದು ತಡೆದು ಓಡುತ್ತದೆ. ನಿಧಾನವೆನಿಸಿದರೆ ವರ್ಕರ್‌ಗಳನ್ನು (ಅದನ್ನು ಓಡಿಸುವ ಪ್ರಕ್ರಿಯೆಗಳನ್ನು) ಹೆಚ್ಚಿಸಬೇಡಿ, ಇರುವ ಮಿತಿಯನ್ನೇ ಅವು ಹಂಚಿಕೊಳ್ಳುತ್ತವೆ. ಒಮ್ಮೆ ತಡೆಯುವ ಮೊದಲು ಎಷ್ಟು ಕೆಲಸ ಮಾಡಬಹುದು ಎಂಬ ಮಿತಿ, ಅಂದರೆ 'ಕಾಸ್ಟ್_ಲಿಮಿಟ್', 200ರಷ್ಟಿರುತ್ತದೆ, ಅದನ್ನು ಏರಿಸಿ.

ಇನ್ನು, ಪ್ರತಿ ರಾತ್ರಿ ಅಳಿಸುವುದು ತಾರೀಖಿನ ಲೆಕ್ಕದಲ್ಲಿ ಎಂದಾದರೆ, ಟೇಬಲ್ ಅನ್ನು ದಿನಕ್ಕೊಂದು ಅಥವಾ ವಾರಕ್ಕೊಂದು ಪಾರ್ಟಿಷನ್ ಆಗಿ ಒಡೆಯುವ ಯೋಜನೆ ಹಾಕಿ. ಹಳೆಯ ಪಾರ್ಟಿಷನ್ ಅನ್ನು ಡ್ರಾಪ್ ಮಾಡಿದರೆ ಆ ಸಾಲುಗಳು ಫೈಲ್ ಸಮೇತ ಹೋಗುತ್ತವೆ, ವ್ಯಾಕ್ಯೂಮ್‌ಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ. ಪಾರ್ಟಿಷನ್ ಬೇರ್ಪಡಿಸುವಾಗ ಉಳಿದ ಕ್ವೆರಿಗಳನ್ನು ತಡೆಯದ 'ಡಿಟ್ಯಾಚ್ ಕನ್ಕರೆಂಟ್ಲಿ' ನಿಮ್ಮ 14ರಲ್ಲೇ ಇದೆ.