ಎಐ ಡಿಸೈನಲ್ಲಿ ನನ್ನ ಕೈ ಕಾಣ್ತಿಲ್ಲ, ರಿಪೀಟಲ್ಲೂ ಗೆರೆ ಬೀಳ್ತಿದೆ: ಪ್ರತಿಕ್ರಿಯೆ

ಪ್ರಿಂಟಿಗೆ ಅಂತ ಎಐಯಲ್ಲಿ ಮಾಡಿಸಿದ ಬಳ್ಳಿ ಡಿಸೈನಲ್ಲಿ ನಿಮ್ ಕೈಗುರುತೇ ಕಾಣ್ತಿಲ್ಲ, ಅದನ್ನೇ ಪಕ್ಕಪಕ್ಕ ಜೋಡಿಸಿ ರಿಪೀಟ್ ಮಾಡಿದ್ರೆ ಜಾಯಿಂಟಲ್ಲಿ ಗೆರೆ ಬೀಳ್ತಿದೆ ಅಂತ ಕೇಳಿದ್ರಿ. ನಿಮ್ ಬಳ್ಳಿ ಎಲ್ರ ಬಳ್ಳಿ ಥರ ಕಾಣೋಕೆ ಕಾರಣ ಬಹುಶಃ ಬರೀ ಮಾತಲ್ಲಿ ಪ್ರಾಂಪ್ಟ್ (ಎಐಗೆ ಹೇಳೋ ಸೂಚನೆ) ಕೊಡ್ತಿರೋದು. ಮೊದ್ಲು ನೀವೇ ಬಿಡಿಸಿದ ಒಂದೆಲೆ, ಒಂದು ಮೊಗ್ಗು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ, ಇಂಕು ಹರಡಿದ್ದು ಗೆರೆ ನಡುಗಿದ್ದು ಏನೂ ಒರೆಸ್ಬೇಡಿ, ನಿಮ್ ಕೈ ಇರೋದೇ ಅಲ್ಲಿ. ಆ ಸ್ಕ್ಯಾನನ್ನ ಎಐ ಟೂಲಿಗೆ ಇಮೇಜ್ ಇನ್‌ಪುಟ್ ಆಗಿ ಹಾಕಿ ಡಿನಾಯ್ಸಿಂಗ್ ಸ್ಟ್ರೆಂತ್ (ಎಐ ನಿಮ್ ಚಿತ್ರನ ಎಷ್ಟು ಬದಲಾಯಿಸ್ಬೇಕು ಅನ್ನೋ ಸೆಟ್ಟಿಂಗ್, ಕಮ್ಮಿ ಇಟ್ರೆ ಕಮ್ಮಿ ಬದಲಾಗುತ್ತೆ) 0.3ರಿಂದ ಶುರು ಮಾಡಿ, ಟೂಲಿಗೆ ತಕ್ಕಂಗೆ ಈ ನಂಬರ್ ಹೆಚ್ಚುಕಮ್ಮಿ ಆಗ್ಬಹುದು, ಎರಡ್ಮೂರು ಸಲ ಮಾಡಿ ನೋಡ್ಬೇಕು. ಬಣ್ಣ ಮಾತ್ರ ಎಐಗೆ ಬಿಡ್ಬೇಡಿ ಮಾರಾಯ್ರೆ, ಸ್ಕ್ರೀನ್ ಪ್ರಿಂಟಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ (ಬಣ್ಣ ಹಾಯಿಸೋ ಜಾಲರಿ ಚೌಕಟ್ಟು) ಬೇಕು, ನೀವೇ ಐದಾರಕ್ಕೆ ಇಳಿಸಿ. ರಿಪೀಟಲ್ಲಿ ಬೀಳೋ ಗೆರೆಗೆ ಫೋಟೋಶಾಪಲ್ಲಿ ಆಫ್‌ಸೆಟ್ ಫಿಲ್ಟರ್ (ಚಿತ್ರನ ಸರಿಸೋದು) ಹಾಕಿ, ವ್ರ್ಯಾಪ್ ಅರೌಂಡ್ (ಒಂದು ಅಂಚಿಂದ ಹೊರಹೋದ ಭಾಗ ಎದುರಂಚಿಂದ ಒಳಬರೋದು) ಆನ್ ಮಾಡಿ ಅರ್ಧ ಅಗಲ ಅರ್ಧ ಎತ್ತರ ಸರಿಸಿದ್ರೆ ಜಾಯಿಂಟು ನಡುವಿಗೆ ಬರುತ್ತೆ, ಅದರ ಮೇಲೆ ನಿಮ್ ಎಲೆನೇ ಬಿಡಿಸಿ ಮುಚ್ಚಿ.